ಹುಣಸೆಹಣ್ಣಿನಲ್ಲಿ ತೊಳೆದ ತೋಟಾಗಳು

ಇಂಗ್ಲೆಂಡಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ನಾವು ಇಲ್ಲಿಗೆ ಬರುವ ಮೊದಲೇ ಕಾನೂನು ಮಾಡಿ ಜನರ ಕೈಯಲ್ಲಿದ್ದುದನ್ನೆಲ್ಲ ಸರ್ಕಾರ ವಾಪಸು ತೆಗೆದುಕೊಂಡಿತ್ತು. ಆದರೆ ಪಿಸ್ತೂಲಿನ ತೋಟಾಗಳಿಗೆ ಈಗಲೂ ಕೆಲಸವಿದೆ. ಅದೇ ಗಿಡ್ಡ ತೋಟಾ ಹಾಕಿ ಹೊಡೆಯುವ ಒಂದು ಬಗೆಯ ರೈಫಲ್ ಇದೆ. ಟ್ರಿಗರ್ ಸುತ್ತಲಿನ ಹಿಡಿಕೆಯನ್ನು ಕೆಳಕ್ಕೆ ಎಳೆದು ಮೇಲಕ್ಕೆ ತಂದರೆ ಹೊಡೆದ ತೋಟಾದ ಖಾಲಿ ಕೇಸು ಹೊರಗೆ ಹಾರಿ ಹೊಸ ತೋಟಾ ಒಳಗೆ ಕೂರುತ್ತದೆ. ಲೈಸೆನ್ಸ್ ಪಡೆದು ಕ್ಲಬ್ಬು ಸೇರಿದವರು ಇದರಲ್ಲಿ ಗುರಿ ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ನಾನೂ ಅವರಲ್ಲಿ ಒಬ್ಬಳು.

ನಾವಿರುವ ಕ್ರೋಯ್ಡನ್ನಿನಲ್ಲಿ ನಮ್ಮ ಕನ್ನಡದವರಿಗೆ ಇದನ್ನು ಹೇಳಿದರೆ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ, ಪಾಪ ಅನ್ನುವ ಹಾಗೆ. ಯುಗಾದಿ ಊಟದಲ್ಲಿ ಒಬ್ಬರು, 'ನಿಮಗೆ ವೀಣೆ, ಗೀಣೆ ಏನೂ ಬರಲ್ವಾ?' ಎಂದು ಕೇಳಿದ್ದರು. ಬರುವುದಿಲ್ಲ. ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಗೆ ಸೇರಿದ್ದೆ. ಅಲ್ಲಿ ಮೊದಲ ಸಲ ನೆಲದ ಮೇಲೆ ಬೋರಲು ಮಲಗಿ ಗುಂಡು ಹೊಡೆದಾಗ, ನನ್ನ ತಲೆಯೊಳಗಿನ ಗಲಾಟೆಯೆಲ್ಲ ನಿಂತು ಹೋಗಿತ್ತು. ಮದುವೆ, ಪರದೇಶ, ಪರೀಕ್ಷೆಗಳು ಎಲ್ಲ ಮುಗಿದು, ಆಸ್ಪತ್ರೆಯ ಫಾರ್ಮಸಿಯ ಕೆಲಸದಲ್ಲಿ ನೆಲೆನಿಂತು ನಲವತ್ತು ದಾಟಿದ ಮೇಲೆ ಆ ನಿಶ್ಶಬ್ದ ಮತ್ತೆ ಬೇಕೆನಿಸಿತು.

ಕ್ಲಬ್ಬಿನಲ್ಲಿ ಹೆಚ್ಚಿನವರು ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹೊಡೆದ ಮೇಲೆ ಹಿತ್ತಾಳೆಯ ಕೇಸು ಉಳಿಯುತ್ತದೆ. ಅದರ ತಳದಲ್ಲಿ ಬೆಂಕಿ ಹುಟ್ಟಿಸುವ ಪ್ರೈಮರ್ ಎಂಬ ಸಣ್ಣ ಬಿಲ್ಲೆ ಇರುತ್ತದೆ. ಸುಟ್ಟು ಹೋದ ಹಳೆಯದನ್ನು ಕುಟ್ಟಿ ತೆಗೆದು, ಕೇಸನ್ನು ಶುಚಿ ಮಾಡಿ, ಹೊಸದನ್ನು ಕೂರಿಸಿ, ಸಿಡಿಮದ್ದಿನ ಪೌಡರ್ ತೂಗಿ ಹಾಕಿ, ಬಾಯಿಗೆ ಸೀಸದ ಗುಂಡು ಒತ್ತಿದರೆ ಮತ್ತೆ ತೋಟಾ ಸಿದ್ಧ. ಬೆಂಚಿನ ಮೇಲೆ ಬಿಗಿದ ಒಂದು ಕೈಪ್ರೆಸ್ಸು ಇದ್ದರೆ ಆಯಿತು. ದಿನವಿಡೀ ಔಷಧಿ ತೂಗುವವಳಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಮೈಮರೆಯುವಂತಿಲ್ಲ. ಪೌಡರ್ ಎರಡು ಸಲ ಬಿದ್ದರೆ ಬಂದೂಕು ಸೀಳಿ ಮುಖಕ್ಕೆ ಬರುತ್ತದೆ. ಬೀಳದಿದ್ದರೆ ಅಥವಾ ಹೊತ್ತಿಕೊಳ್ಳದಿದ್ದರೆ, ಗುಂಡು ಬರೀ ಪ್ರೈಮರಿನ ಬಲಕ್ಕೆ ಅರ್ಧ ದಾರಿ ಹೋಗಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಇನ್ನೊಂದು ಹೊಡೆದರೆ ಕತೆ ಮುಗಿಯಿತು. ಹಾಗಾಗಿ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ನಾನು ಬೆಂಚಿಗೆ ಕೂತರೆ ಫೋನು ಹೊರಗೆ, ರೇಡಿಯೋ ಬಂದ್, ಯಾರೂ ಮಾತಾಡಿಸಬಾರದು, ಯಾರೂ ಏನನ್ನೂ ಮುಟ್ಟಬಾರದು.

ಇನ್ನೊಂದು ಪದ್ಧತಿ ಇದೆ. ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಹೊಡೆಯುವುದಿಲ್ಲ. ಸೇರಿದ ಹೊಸದರಲ್ಲಿ ಒಮ್ಮೆ ನನ್ನದು ಮುಗಿದು ಹೋಗಿ ಪಕ್ಕದವರನ್ನು ಕೇಳಿದ್ದೆ. ಅವರು ನಗುತ್ತಲೇ ಇಲ್ಲವೆಂದರು, ಬದಲಿಗೆ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ನನ್ನ ಬಣ್ಣ ನೋಡಿ ಹಾಗೆ ಮಾಡಿದರೆಂದುಕೊಂಡು ಒಂದು ವಾರ ಕುದಿದೆ. ಆಮೇಲೆ ನೋಡಿದರೆ ಅಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ. ಇಪ್ಪತ್ತು ವರ್ಷದ ಗೆಳೆಯರೂ ಬಿಸ್ಕತ್ತು ಹಂಚಿಕೊಳ್ಳುತ್ತಾರೆ, ತೋಟಾ ಹಂಚಿಕೊಳ್ಳುವುದಿಲ್ಲ.

ಇದನ್ನು ಕೇಳಿ ತುಂಬಾ ಖುಷಿಪಟ್ಟವರು ನಮ್ಮ ಅತ್ತೆ.

ಅತ್ತೆ ಧಾರವಾಡದವರು. ಮಾವ ತೀರಿಕೊಂಡ ಮೇಲೆ ಬಹಳ ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ಅವರದು ಕಟ್ಟುನಿಟ್ಟಿನ ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಹಿಂದಿನ ಗಾಜಿನ ಕೋಣೆಯಲ್ಲಿ ಒಣಗಿಸಿದ ಸೀರೆ ಉಟ್ಟು, ತಮ್ಮದೇ ಪಾತ್ರೆಗಳಲ್ಲಿ ತಾವೇ ಅಡುಗೆ ಮಾಡಿಕೊಂಡು ಉಣ್ಣುತ್ತಾರೆ. ಅವರು ಮಾಡಿದ್ದನ್ನು ನಾವೂ ಉಣ್ಣುತ್ತೇವೆ, ಚೆನ್ನಾಗಿಯೇ ಇರುತ್ತದೆ. ನಾವು ಮಾಡಿದ್ದನ್ನು ಅವರು ಉಣ್ಣುವುದಿಲ್ಲ. ಮದುವೆಯಾದ ಹೊಸದರಲ್ಲಿ ಧಾರವಾಡದ ಮನೆಯಲ್ಲಿ ನಾನು ಆಸೆಯಿಂದ ಶಾವಿಗೆ ಪಾಯಸ ಮಾಡಿದ್ದೆ. ಎಲ್ಲರೂ ಉಂಡರು. ಅತ್ತೆ ತಮ್ಮ ಎಲೆಯ ಮೇಲೆ ಕೈ ಅಡ್ಡ ಇಟ್ಟು, 'ನನಗ ಬ್ಯಾಡವಾ' ಅಂದರು. ಬಯ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾನು ಅದನ್ನು ಮರೆತಿಲ್ಲ, ಮರೆಯಬೇಕೆಂದು ಪ್ರಯತ್ನಿಸಿಯೂ ಇಲ್ಲ.

ಒಂದು ಶನಿವಾರ ನಾನು ಬೆಂಚಿನಲ್ಲಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕೈ ಸನ್ನೆ ಮಾಡಿ ಮಾತಾಡಬೇಡಿ ಎಂದೆ. ಕೆಲಸ ಮುಗಿಸಿ ಪೌಡರ್ ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಅವರು ಬಾಯಿಬಿಟ್ಟರು.

'ಮುಟ್ಟಬಾರದು, ಮಾತಾಡಿಸಬಾರದು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ನಡ್ಯಾಂಗಿಲ್ಲ. ಇದು ಮಡಿ ಅಲ್ಲದ ಮತ್ತೇನವಾ?'

'ಇದು ಸೇಫ್ಟಿ ಅತ್ತೆ. ಮಡಿ ಅಲ್ಲ.'

'ನಮ್ಮದೂ ಹಂಗ ಶುರುವಾಗಿದ್ದೀತು' ಎಂದು ನಕ್ಕು ಕೆಳಗಿಳಿದರು. ನನಗೆ ಸಿಟ್ಟು ಬಂತು. ಅಂದಿನಿಂದ ನಾನು ಬೆಂಚಿಗೆ ಕೂತಾಗ ಮನೆಗೆ ಫೋನು ಬಂದರೆ, 'ಆಕಿ ಮಡ್ಯಾಗಿದ್ದಾಳ' ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಲೈಸೆನ್ಸಿನ ವಿಚಾರಣೆಗೆ ಮನೆಗೆ ಬಂದ ಪೊಲೀಸ್ ಇಲಾಖೆಯವರು, ಬಂದೂಕಿನ ಕಬ್ಬಿಣದ ಕಪಾಟಿನ ಕೀ ಎಲ್ಲಿದೆ ಗೊತ್ತೇ ಎಂದು ಅತ್ತೆಯನ್ನು ಕೇಳಿದಾಗ, ಮಗನ ಕಡೆ ತಿರುಗಿ, 'ನನಗ ಗೊತ್ತಿಲ್ಲ, ನಾ ಅದನ್ನ ಮುಟ್ಟೂದಿಲ್ಲ ಅಂತ ಹೇಳೋ' ಎಂದು ಬಹಳ ಹೆಮ್ಮೆಯಿಂದ ಹೇಳಿಸಿದರು. ಬಂದವರು ಮೆಚ್ಚಿಕೊಂಡು ಹೋದರು.

ಇದೆಲ್ಲ ನಗುವ ಮಾತು. ನಗದ ಮಾತು ಒಂದಿತ್ತು. ಅತ್ತೆಯ ಕಣ್ಣು ಹೋಗುತ್ತಿತ್ತು.

ಅದು ನಮಗೆ ಮೊದಲು ಗೊತ್ತಾದದ್ದು ಸಾರಿನಲ್ಲಿ. ಐವತ್ತು ವರ್ಷ ಹುಣಸೆಹಣ್ಣು ಕಿವುಚಿ ಸೋಸಿದ ಕೈ ಅವರದು. ಅವರ ಸಾರಿನಲ್ಲಿ ಒಂದು ನಾರು ಸಿಕ್ಕಿದ್ದು ನನಗೆ ನೆನಪಿಲ್ಲ. ಹೋದ ವರ್ಷದಿಂದ ಸಿಗತೊಡಗಿತು. ನನ್ನ ಗಂಡ ನಾರು ಸಿಕ್ಕರೆ ಮಾತಾಡದೆ ತಟ್ಟೆಯ ಅಂಚಿನ ಕೆಳಗೆ ಸರಿಸಿಬಿಡುತ್ತಾನೆ. ನಾನೂ ಹಾಗೇ ಮಾಡಿದೆ. ನಂತರ ಹಾಲು ಉಕ್ಕುವುದು ಅವರಿಗೆ ಕಾಣದಾಯಿತು. ಒಂದು ದಿನ ಸೆರಗಿನ ತುದಿ ಗ್ಯಾಸಿನ ಉರಿಗೆ ತಾಗಿ ಕಮರಿತು. ನಾನು ಅಲ್ಲೇ ಇದ್ದೆನಾದ್ದರಿಂದ ಬಚಾವಾಯಿತು. ಅತ್ತೆ ಸೆರಗನ್ನು ಒಳಗೆ ಮಡಚಿ ಸಿಕ್ಕಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಒಗ್ಗರಣೆ ಮುಂದುವರಿಸಿದರು.

ಗಂಡ ಹೃದಯದ ಡಾಕ್ಟರು. ಊರವರ ಅಮ್ಮಂದಿರಿಗೆಲ್ಲ ಬುದ್ಧಿ ಹೇಳಬಲ್ಲ, ತನ್ನಮ್ಮನೆದುರು ಬಾಯಿ ಕಟ್ಟುತ್ತದೆ. ಆದರೂ ಆ ದಿನ ಹೇಳಿದ.

'ಅವ್ವಾ, ಕಣ್ಣು ತೋರಸೂಣು. ಅಲ್ಲೀತನಕಾ ಗ್ಯಾಸಿನ ಹತ್ರ ಹೋಗಬ್ಯಾಡ.'

'ನನಗ ಎಲ್ಲಾ ಕಾಣಸ್ತದ.'

'ಸೆರಗು ಸುಟ್ಟಿದ್ದು ಕಾಣಿಸ್ತೇನು?'

'ಗ್ಯಾಸು ಕಸಗೊಂಡ್ರ ಕಸಗೋರಿ. ಇನ್ನೊಬ್ಬರ ಕೈಯಾಗಿನ ಅನ್ನ ನನಗ ಬ್ಯಾಡ. ಹಾಲು, ಬಾಳೆಹಣ್ಣು ಸಾಕು.'

ಇದು ಬರೀ ಬೆದರಿಕೆಯಲ್ಲ. ಹಿಂದೊಮ್ಮೆ ಜ್ವರ ಬಂದು ಮಲಗಿದ್ದಾಗ ಹತ್ತು ದಿನ ಹಾಲು ಹಣ್ಣಿನಲ್ಲೇ ಕಳೆದಿದ್ದರು. ಎದ್ದಾಗ ಚಿನ್ನದ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಒಲೆ ಬಿಡಿಸಿದರೆ ಉಪವಾಸ ಬೀಳುತ್ತಾರೆ, ಬಿಡಿಸದಿದ್ದರೆ ಬೆಂಕಿಗೆ ಬೀಳುತ್ತಾರೆ. ನಾವಿಬ್ಬರೂ ಆರೋಗ್ಯ ಇಲಾಖೆಯ ಸಂಬಳ ತಿನ್ನುವವರು, ಇದಕ್ಕೆ ನಮ್ಮಲ್ಲಿ ಔಷಧಿ ಇರಲಿಲ್ಲ. ನಾನು ಪಾಳಿ ಹೊಂದಿಸಿಕೊಂಡು ಅವರ ಅಡುಗೆಯ ಹೊತ್ತಿಗೆ ಮನೆಯಲ್ಲಿರಲು ನೋಡುತ್ತಿದ್ದೆ. ಇರಲಾಗದ ದಿನಗಳಲ್ಲಿ ಫಾರ್ಮಸಿಯಲ್ಲಿ ನಿಂತು ಹೊಗೆಯ ವಾಸನೆ ಊಹಿಸಿಕೊಳ್ಳುತ್ತಿದ್ದೆ. ಅವರ ಮೇಲೆ ನನಗೆ ಪ್ರೀತಿಗಿಂತ ಕೋಪವೇ ಜಾಸ್ತಿ ಇತ್ತು, ಹೆದರಿಕೆ ಎರಡಕ್ಕಿಂತಲೂ ಜಾಸ್ತಿ ಇತ್ತು.

ಆ ಸೆಪ್ಟೆಂಬರಿನಲ್ಲಿ ಕ್ಲಬ್ಬುಗಳ ನಡುವಿನ ಪಂದ್ಯವಿತ್ತು. ತಂಡದಲ್ಲಿ ನನಗೆ ಮೊದಲ ಸಲ ಜಾಗ ಸಿಕ್ಕಿತ್ತು. ಶುಕ್ರವಾರ ಸಂಜೆ ಕೇಸುಗಳ ಹಳೆಯ ಪ್ರೈಮರ್ ಎಲ್ಲ ಕುಟ್ಟಿ ತೆಗೆದು, ಹೊಗೆ ಹಿಡಿದು ಕಪ್ಪಾಗಿದ್ದ ಕೇಸುಗಳನ್ನು ಒಂದು ಪ್ಲಾಸ್ಟಿಕ್ ಬೋಗುಣಿಯಲ್ಲಿ ಹಾಕಿ, ವಾಷಿಂಗ್ ಮೆಷಿನ್ನಿನ ಮೇಲಿಟ್ಟಿದ್ದೆ. ಅಕ್ರೋಟದ ಸಿಪ್ಪೆಯ ಪುಡಿಯ ಜೊತೆ ಉರುಳಿಸಿ ಹೊಳಪು ಬರಿಸುವ ಒಂದು ಸಣ್ಣ ಯಂತ್ರ ಇದೆ, ಮಾರನೆಯ ದಿನ ಅದಕ್ಕೆ ಹಾಕಬೇಕಿತ್ತು. ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಬಂದರೆ ಬೋಗುಣಿ ಖಾಲಿ.

ಗಾಜಿನ ಕೋಣೆಯಲ್ಲಿ ಬಿಳಿ ಪಂಚೆ ಹಾಸಿತ್ತು. ಅದರ ಮೇಲೆ ನನ್ನ ಕೇಸುಗಳು ಬೋರಲಾಗಿ ಸಾಲುಗಟ್ಟಿ ಬಿಸಿಲು ಕಾಯುತ್ತಿದ್ದವು. ದೀಪಾವಳಿಯ ಹಿಂದಿನ ದಿನ ತೊಳೆದಿಟ್ಟ ದೇವರ ಸಾಮಾನಿನಂತೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು.

'ಅತ್ತೆ, ಇದನ್ನ ಯಾಕೆ ಮುಟ್ಟಿದ್ರಿ?'

'ಹೊಲಸಾಗಿದ್ವು. ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕೀನಿ. ಬಿಸಿನೀರಾಗ ಮೂರು ಸಲ ತೊಳದೀನಿ. ಖಾಲಿಯವು ಮುಟ್ಟಿದ್ರ ಪೊಲೀಸರು ಏನೂ ಅನ್ನಂಗಿಲ್ಲ ಅಂತ ನೀನ ಹೇಳೀದಿ.'

ಹೇಳಿದ್ದೆ, ನಿಜ. ಆದರೂ ನನ್ನ ತಲೆ ಸಿಡಿಯಿತು. ಹಿತ್ತಾಳೆಗೆ ಹುಳಿ, ಉಪ್ಪು ಹಚ್ಚಿ ಬಹಳ ಹೊತ್ತು ಬಿಟ್ಟರೆ ಅದು ಒಳಗಿಂದ ಬಲ ಕಳೆದುಕೊಳ್ಳುತ್ತದೆ, ಬಣ್ಣ ತಿಳಿಗೆಂಪಿಗೆ ತಿರುಗುತ್ತದೆ. ಯಾರನ್ನು ಕೇಳಿ ಮಾಡಿದಿರಿ, ನಾಳೆ ಪಂದ್ಯ, ನಿಮ್ಮ ಪಾತ್ರೆ ನಾನು ಮುಟ್ಟುತ್ತೇನೆಯೇ ಎಂದು ಕೂಗಾಡಿದೆ. ನಾನು ಒಂದು ಕೇಸು ಎತ್ತಿ ಬೆಳಕಿಗೆ ಹಿಡಿದೆ. ಬಣ್ಣ ಸರಿಯಾಗಿತ್ತು. ಇನ್ನೊಂದು ಹಿಡಿದೆ, ಅದೂ ಸರಿ. ಅವರು ಹೆಚ್ಚು ಹೊತ್ತು ಬಿಟ್ಟಿರಲಿಲ್ಲ.

'ಇವನ್ನ ಬಳಸ್ತೀಯೋ, ಚೆಲ್ತೀಯೋ?' ಎಂದು ಕೇಳಿದರು.

ಮಹಡಿಯ ಮೇಲೆ ಬೇರೆ ಕೇಸುಗಳಿದ್ದವು. ಬೇಡವೆಂದು ಕೈ ಅಡ್ಡ ಇಡಬಹುದಿತ್ತು. ಆ ಮುಖ ನೋಡಿದ ಮೇಲೆ ಆಗಲಿಲ್ಲ. ಪಾಯಸದ ಪಾತ್ರೆ ಹಿಡಿದು ನಿಂತಾಗ ನನ್ನ ಮುಖ ಹಾಗೇ ಇದ್ದಿರಬೇಕು.

'ಬಳಸ್ತೀನಿ' ಎಂದೆ.

ಕೇಸುಗಳನ್ನು ಓವನ್ನಿನಲ್ಲಿ ಹದವಾಗಿ ಬಿಸಿಮಾಡಿ ಪೂರ್ತಿ ಒಣಗಿಸಿದೆ. ಸಂಜೆಯ ಬೆಳಕಿನಲ್ಲಿ ಕೂತು ಒಂದೊಂದನ್ನೂ ಟಾರ್ಚು ಬಿಟ್ಟು ನೋಡಿದೆ. ಎರಡು ಮೂರರಲ್ಲಿ ಹುಣಸೆಯ ನಾರು ಅಂಟಿಕೊಂಡಿತ್ತು, ಚಿಮುಟದಿಂದ ತೆಗೆದೆ. ಎಲ್ಲ ನೋಡಿದೆನೆಂದು ಖಾತ್ರಿ ಮಾಡಿಕೊಂಡು ತುಂಬಿದೆ. ಕೆಳಗೆ ಅತ್ತೆ ಯಾರಿಗೋ ಫೋನಿನಲ್ಲಿ, 'ಆಕಿ ಮಡ್ಯಾಗಿದ್ದಾಳ' ಎನ್ನುವುದು ಕೇಳಿಸಿತು.

ಭಾನುವಾರ ಪಕ್ಕದ ಸರ್ರೆ ಜಿಲ್ಲೆಯ ಪಂದ್ಯದ ಮೈದಾನದಲ್ಲಿ ಗಾಳಿ ಇರಲಿಲ್ಲ. ಹುಣಸೆಹಣ್ಣಿನ ತೋಟಾಗಳು ಚೆನ್ನಾಗಿಯೇ ಹೋದವು. ಗುರಿಹಲಗೆಯ ನಡುವೆ ತೂತುಗಳು ಒಂದರ ಪಕ್ಕ ಒಂದು ಬೀಳುತ್ತಿದ್ದವು, ಇದು ನನ್ನ ದಿನ ಎಂದುಕೊಂಡೆ. ಮೂರನೆಯ ಸುತ್ತಿನಲ್ಲಿ ಟ್ರಿಗರ್ ಒತ್ತಿದಾಗ ಗುಂಡಿನ ಸದ್ದು ಬರಲಿಲ್ಲ. ಟುಸ್ ಎಂದಿತು, ಭುಜಕ್ಕೆ ಏನೂ ತಾಗಲಿಲ್ಲ. ಸುತ್ತಲಿನವರು ಹೊಡೆಯುವ ಸದ್ದಿನಲ್ಲಿ ಅದು ಮುಚ್ಚಿಹೋಗುವಷ್ಟು ಸಣ್ಣದು. ನನ್ನ ಕೈ ಆಗಲೇ ಹಿಡಿಕೆ ಎಳೆಯಲು ಹೊರಟಿತ್ತು. ಅಭ್ಯಾಸ ಅದು, ಪಂದ್ಯದ ಗಡಿಯಾರ ಓಡುತ್ತಿರುತ್ತದೆ. ಹೇಗೋ ನಿಲ್ಲಿಸಿ, ಬಂದೂಕಿನ ಮೂತಿ ಗುರಿಯ ಕಡೆಗೇ ಇಟ್ಟು ಕೈ ಎತ್ತಿದೆ.

ಮೈದಾನದ ಉಸ್ತುವಾರಿ ನೋಡುವ ಮುದುಕರು ಬಂದರು. ಒಂದು ಕಾಲದಲ್ಲಿ ನನಗೆ ತೋಟಾ ಕೊಡದೆ ಬಿಸ್ಕತ್ತು ಕೊಟ್ಟವರು ಇವರೇ. ಸ್ವಲ್ಪ ಹೊತ್ತು ಕಾದು, ತೆರೆದು, ನಳಿಗೆಗೆ ಸಲಾಕೆ ತೂರಿಸಿ ಕುಟ್ಟಿದರು. ಸಿಕ್ಕಿಕೊಂಡಿದ್ದ ಸೀಸದ ಗುಂಡು ಟಪ್ಪನೆ ಬಿತ್ತು. ಅದನ್ನು ನನ್ನ ಕೈಯಲ್ಲಿಟ್ಟು, ಇನ್ನೊಂದು ಹೊಡೆಯದೆ ನಿಂತಿರಲ್ಲ, ಅಷ್ಟು ಸಾಕು ಇವತ್ತಿಗೆ ಎಂದರು. ಉಳಿದ ತೋಟಾಗಳನ್ನು ಹೊಡೆಯಬೇಡಿರೆಂದು ಅವರು ಹೇಳಬೇಕಾಗಿರಲಿಲ್ಲ. ನನ್ನ ಪಂದ್ಯ ಅಲ್ಲಿಗೆ ಮುಗಿಯಿತು.

ಆ ಕೇಸನ್ನು ಕಾರಿನಲ್ಲಿ ಕೂತು ನೋಡಿದೆ. ಸುಡದ ಪೌಡರ್ ಉದುರಿತು. ಪ್ರೈಮರಿನ ಬೆಂಕಿ ಒಳಗೆ ಬರಲು ತಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದರ ಬಾಯಲ್ಲಿ ಅರ್ಧ ಕರಕಲಾದ ಹುಣಸೆಯ ನಾರು ಸುರುಳಿಯಾಗಿ ಕೂತಿತ್ತು. ಪಿನ್ನಿನಿಂದ ಎಬ್ಬಿಸಿ ಟಿಶ್ಯೂ ಕಾಗದದಲ್ಲಿ ಮಡಚಿಟ್ಟುಕೊಂಡೆ. ಗಂಡನಿಗೆ ಫೋನು ಮಾಡಿದೆ. ಮೊದಲು ನನಗೇನೂ ಆಗಿಲ್ಲವಲ್ಲ ಎಂದು ಕೇಳಿದ. ಆಮೇಲೆ, 'ಇದನ್ನ ಅವ್ವಗ ಹೇಳು. ನಾ ಹೇಳಿದ್ರ ಕೇಳೂದಿಲ್ಲ' ಎಂದ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹೇಳಿದರೆ ಅವರ ಒಲೆ ಹೋಗುತ್ತದೆ, ಬಹುಶಃ ಊಟವೂ. ಎಲ್ಲ ಚೆನ್ನಾಗಿ ಹೋದವು ಎಂದುಬಿಟ್ಟರೆ ನಾಳೆಯೂ ಒಗ್ಗರಣೆ ಹಾಕುತ್ತಾರೆ, ಸೆರಗು ಇನ್ನೊಮ್ಮೆ ಉರಿಗೆ ತಾಗುತ್ತದೆ. ಇನ್ನೊಂದು ಮಾತೂ ಇತ್ತು. ಎರಡೂ ಕಣ್ಣು ನೆಟ್ಟಗಿರುವ ನಾನು ಟಾರ್ಚು ಬಿಟ್ಟು ನೋಡಿದ್ದೆ, ನನಗೇ ಕಂಡಿರಲಿಲ್ಲ. ಮನೆಯ ಹತ್ತಿರದ ಟ್ರಾಮಿನ ಹಳಿ ದಾಟುವ ಹೊತ್ತಿಗೂ ನನಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ.

ಅತ್ತೆ ಮಡಿಸೀರೆಯಲ್ಲೇ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕಾದಿದ್ದರು. ಕಾರು ಬಂದದ್ದು ಸದ್ದಿನಿಂದ ತಿಳಿದಿರಬೇಕು.

'ಹೆಂಗ ಹೋದ್ವು?'

ನಾನು ಚಪ್ಪಲಿ ಬಿಟ್ಟು ಅವರ ಎದುರಿಗೆ ಕೂತೆ. 'ಚೆನ್ನಾಗಿ ಹೋದ್ವು ಅತ್ತೆ. ಒಂದು ಹೋಗ್ಲಿಲ್ಲ.'

'ಯಾಕ?'

ಟಿಶ್ಯೂ ಬಿಚ್ಚಿ ಆ ಚೂರನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ತಂದರು. ಕಿಟಕಿಯ ಕಡೆ ತಿರುಗಿದರು. ಅಂಗೈಯನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಹಗಲು ಬೆಳಕು ಬೇಕಾದಷ್ಟಿತ್ತು. ಕೊನೆಗೆ ನೋಡುವುದನ್ನು ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರು.

'ಹುಣಸಿ ನಾರು' ಎಂದರು.

'ಹೂಂ. ನಾನೂ ನೋಡಿದ್ದೆ ಅತ್ತೆ, ನನಗೂ ಕಾಣಿಸ್ಲಿಲ್ಲ.'

'ಹೋಗದಿದ್ರ ಏನಾಗ್ತದ?'

ಸುಳ್ಳು ಹೇಳಲು ಅದೇ ಕೊನೆಯ ಅವಕಾಶ. 'ಮುಂದಿಂದು ಹೊಡೆದಿದ್ರೆ ಬಂದೂಕು ಸೀಳ್ತಿತ್ತು. ನಿಲ್ಲಿಸ್ದೆ.'

ಅವರು ಆ ಚೂರನ್ನು ಕಾಗದದಲ್ಲಿ ಮಡಚಿ ನನಗೇ ವಾಪಸು ಕೊಟ್ಟರು. ನನ್ನ ಕೆನ್ನೆ, ಹಣೆ, ಎರಡೂ ಕಣ್ಣಿನ ರೆಪ್ಪೆಗಳನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. ಮಡಿಯಲ್ಲಿದ್ದಾಗ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆಮೇಲೆ ಎದ್ದು ತಮ್ಮ ಕೋಣೆಗೆ ಹೋದರು. ಆ ದಿನ ಅವರಿಗೆ ಹಾಲು, ಹಣ್ಣೇ ಊಟವಾಯಿತು.

ಸೋಮವಾರ ಗಂಡ ಕೆಲಸಕ್ಕೆ ಹೋಗಿದ್ದ, ನನಗೆ ರಜೆ ಇತ್ತು. ಅತ್ತೆಯ ಸ್ನಾನವಾಯಿತು, ಪೂಜೆಯ ಗಂಟೆ ಕೇಳಿಸಿತು, ಅಡುಗೆಮನೆಗೆ ಅವರು ಬರಲಿಲ್ಲ. ನಾನು ಅನ್ನ, ಸಾರು ಮಾಡಿ ಮುಚ್ಚಿಟ್ಟು, ಹಾಲು ಬಿಸಿಗಿಟ್ಟೆ. ಗೆದ್ದೆ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಹಾಲು ಕಾಯುವಷ್ಟರಲ್ಲಿ ಅವರು ಬಂದು ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂತರು. ಮಡಿಸೀರೆಯಲ್ಲೇ ಇದ್ದರು.

'ಹಾಲು ಕೊಡ್ಲಾ ಅತ್ತೆ?'

'ಏನ ಮಾಡೀದಿ?'

'ಅನ್ನ, ಸಾರು.'

'ಹುಣಸಿಹಣ್ಣು ಸೋಸೀದಿಯೇನು?'

'ಸೋಸಿದೀನಿ.'

'ಮತ್ತೊಮ್ಮೆ ನೋಡವಾ' ಎಂದರು. 'ನನಗ ಕಾಣೂದಿಲ್ಲ.'

ಮಹಡಿಗೆ ಹೋಗಿ ಬೆಂಚಿನ ಟಾರ್ಚು ತಂದೆ. ಸಾರಿನ ಪಾತ್ರೆಗೆ ಬೆಳಕು ಬಿಟ್ಟು, ಸೌಟಿನಿಂದ ತಳದವರೆಗೂ ತಿರುವಿ ನೋಡಿದೆ. ಅತ್ತೆ ಕೈ ತೊಳೆದುಕೊಂಡು ಕಾಯುತ್ತಿದ್ದರು, ಇಬ್ಬರೂ ಮಾತಾಡಲಿಲ್ಲ. ನೋಡಿ ಮುಗಿಸಿ ಬಡಿಸಿದೆ.